ಸಾಯಿಕುಮಾರ್: ಪರರ ಮುಖಕ್ಕೆ ಕಂಠ, ಕನ್ನಡದಲ್ಲಿ ಸ್ವಂತ ಮುಖ

ಕನ್ನಡದ ಪ್ರೇಕ್ಷಕರಿಗೆ ಸಾಯಿಕುಮಾರ್ ಎಂದೊಡನೆ ನೆನಪಾಗುವುದು ಖಾಕಿ ಅಂಗಿ, ಉರಿಗಣ್ಣು, ಉಸಿರು ಬಿಗಿಹಿಡಿದು ಒಂದೇ ಸಮನೆ ಹೇಳಿಕೊಂಡು ಹೋಗುವ ಉದ್ದುದ್ದದ ಡೈಲಾಗು. 1996ರಲ್ಲಿ ತೆರೆಗೆ ಬಂದ ‘ಪೊಲೀಸ್ ಸ್ಟೋರಿ’ಯ ಅಗ್ನಿ ಎಂಬ ಅಧಿಕಾರಿಯ ಪಾತ್ರ ಕೊಟ್ಟ ನೆನಪು ಅದು. ಆ ಹೊತ್ತಿಗೆ ಅವರ ಕಂಠ ಆಂಧ್ರದ ಊರೂರಿನ ಟಾಕೀಸುಗಳಲ್ಲಿ ಹಲವು ವರ್ಷ ಮೊಳಗಿಯಾಗಿತ್ತು. ಮುಖ ಮಾತ್ರ ಬೇರೆಯವರದು. ತೆಲುಗಿನಲ್ಲಿ ಸುಮನ್ ಮತ್ತು ರಾಜಶೇಖರ್ ಎಂಬ ಇಬ್ಬರು ನಾಯಕನಟರ ಪರವಾಗಿ ಮಾತನಾಡುತ್ತಿದ್ದವರು ಸಾಯಿಕುಮಾರ್. ತೆರೆಯ ಮೇಲೆ ನಿಂತು ನಟಿಸುವುದು ಒಂದು ಕಸುಬು, ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಬರೀ ಧ್ವನಿಯಿಂದ ನಟಿಸುವುದು ಇನ್ನೊಂದು. ಎರಡರಲ್ಲೂ ಹೆಸರು ಮಾಡಿದವರು ದಕ್ಷಿಣ ಭಾರತದಲ್ಲಿ ಹೆಚ್ಚು ಜನ ಇಲ್ಲ. ಕಂಠ ಒಂದು ಭಾಷೆಯಲ್ಲಿ ಹೆಸರಾಗಿ, ಮುಖ ನೆರೆಯ ಭಾಷೆಯಲ್ಲಿ ಹೆಸರಾದದ್ದು ಸಾಯಿಕುಮಾರ್ ಅವರ ವಿಶೇಷ.

ಅವರ ಪೂರ್ಣ ಹೆಸರು ಪುಡಿಪೆದ್ದಿ ಸಾಯಿಕುಮಾರ್. ಹುಟ್ಟಿದ್ದು 1960ರಲ್ಲಿ. ತಂದೆ ಪಿ. ಜೆ. ಶರ್ಮ ವಿಶಾಖಪಟ್ಟಣಕ್ಕೆ ಹತ್ತಿರದ ವಿಜಯನಗರಂ ಸೀಮೆಯವರು. ನಾಟಕದಿಂದ ಸಿನಿಮಾಕ್ಕೆ ಬಂದು ಮದ್ರಾಸಿನಲ್ಲಿ ನೆಲೆಸಿ, ಸಣ್ಣಪುಟ್ಟ ಪಾತ್ರಗಳ ಜೊತೆಗೆ ನೂರಾರು ಚಿತ್ರಗಳಿಗೆ ಧ್ವನಿ ಕೊಟ್ಟವರು. 2014ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ತಾಯಿ ಕೃಷ್ಣಜ್ಯೋತಿ ಕನ್ನಡ ಮೂಲದ ಕಲಾವಿದೆ. ಹೀಗಾಗಿ ಮಕ್ಕಳಿಗೆ ಎರಡೂ ಭಾಷೆಗಳು ಮನೆಯಲ್ಲೇ ಸಿಕ್ಕವು. ತಮ್ಮಂದಿರಾದ ರವಿಶಂಕರ್ ಮತ್ತು ಅಯ್ಯಪ್ಪ ಪಿ. ಶರ್ಮ ಕೂಡ ಇದೇ ದಾರಿ ಹಿಡಿದರು. ಒಂದು ಮನೆಯ ಮೂವರು ಅಣ್ಣತಮ್ಮಂದಿರೂ ಕನ್ನಡ, ತೆಲುಗು ಎರಡರಲ್ಲೂ ದುಡಿದದ್ದಕ್ಕೆ ಈ ತಾಯಿತಂದೆಯರ ಮನೆಯೇ ಮೂಲ.

ಕರಾವಳಿ ಆಂಧ್ರದ ಮಾತಿನ ಸಂಪತ್ತು

ಸಾಯಿಕುಮಾರ್ ಅವರ ಕಂಠವನ್ನು ಅರ್ಥಮಾಡಿಕೊಳ್ಳಲು ಅವರ ತಂದೆ ಬಂದ ನೆಲವನ್ನು ಸ್ವಲ್ಪ ನೋಡಬೇಕು. ಉತ್ತರದ ವಿಜಯನಗರಂ, ವಿಶಾಖಪಟ್ಟಣಗಳಿಂದ ಕೃಷ್ಣಾ ತೀರದ ವಿಜಯವಾಡ, ತೆನಾಲಿಯವರೆಗಿನ ಕರಾವಳಿ ಆಂಧ್ರ ಮಾತನ್ನು ಗಂಭೀರವಾಗಿ ತೆಗೆದುಕೊಂಡ ಪ್ರದೇಶ. ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ ನಾಟಕ 1892ರಲ್ಲಿ ಮೊದಲು ರಂಗಕ್ಕೆ ಬಂದದ್ದು ವಿಜಯನಗರಂನಲ್ಲಿ. ಅತ್ತ ಪೌರಾಣಿಕ ಪದ್ಯನಾಟಕಗಳು ಹಳ್ಳಿಹಳ್ಳಿಗೂ ಹೋಗಿದ್ದವು. ಮೈಕು ಇಲ್ಲದ ಕಾಲದಲ್ಲಿ ಬಯಲಿನ ಕೊನೆಯ ಸಾಲಿನವರೆಗೆ ಪದ್ಯ ಮುಟ್ಟಿಸಬೇಕಾದ ನಟ ಉಸಿರನ್ನು ಎಲ್ಲಿ ಎಳೆಯಬೇಕು, ಮಹಾಪ್ರಾಣವನ್ನು ಎಷ್ಟು ಒತ್ತಬೇಕು, ಸಾಲಿನ ಕೊನೆಯಲ್ಲಿ ದನಿ ಕುಸಿಯದಂತೆ ಹೇಗೆ ಹಿಡಿಯಬೇಕು ಎಂಬುದನ್ನು ಕಲಿಯಲೇಬೇಕಿತ್ತು. ಉತ್ತರ ಕರ್ನಾಟಕದ ಕಂಪನಿ ನಾಟಕಗಳನ್ನೂ ಕರಾವಳಿಯ ತಾಳಮದ್ದಲೆಯನ್ನೂ ಬಲ್ಲ ಕನ್ನಡಿಗರಿಗೆ ಈ ಶಿಸ್ತು ಹೊಸದೇನಲ್ಲ.

ವಿಜಯವಾಡದ ಪಾಲು ಬೇರೆ ಬಗೆಯದು. ಪೋತಿನ ಶ್ರೀನಿವಾಸರಾವ್ 1921ರಲ್ಲಿ ಅಲ್ಲಿ ಕಟ್ಟಿಸಿದ ಮಾರುತಿ ಟಾಕೀಸನ್ನು ಆಂಧ್ರದ ಮೊದಲ ಚಿತ್ರಮಂದಿರ ಎನ್ನುತ್ತಾರೆ. ಚಿತ್ರಗಳು ಮದ್ರಾಸಿನಲ್ಲಿ ತಯಾರಾದರೂ ಆಂಧ್ರದ ಊರುಗಳಿಗೆ ಅವನ್ನು ಹಂಚುತ್ತಿದ್ದ ವಿತರಕರ ಕಚೇರಿಗಳು ವಿಜಯವಾಡದ ಗಾಂಧಿನಗರದಲ್ಲಿದ್ದವು. ಯಾವ ನಟ ಓಡುತ್ತಾನೆ, ಯಾರ ದನಿಗೆ ಜನ ಚಪ್ಪಾಳೆ ಹೊಡೆಯುತ್ತಾರೆ ಎಂಬ ಲೆಕ್ಕ ಮೊದಲು ಗೊತ್ತಾಗುತ್ತಿದ್ದದ್ದು ಆ ಕಚೇರಿಗಳಲ್ಲಿ. 1948ರ ಡಿಸೆಂಬರ್ 1ರಂದು ವಿಜಯವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಅಲ್ಲಿಂದ ಮುಂದೆ ರೇಡಿಯೊ ನಾಟಕ ಆ ಸೀಮೆಯ ಮನೆಮನೆಯ ಹವ್ಯಾಸವಾಯಿತು. ಮುಖ ಕಾಣದ ನಟನನ್ನು ಬರೀ ಕಿವಿಯಿಂದ ಗುರುತು ಹಿಡಿಯುವ, ಮೆಚ್ಚುವ ಶ್ರೋತೃವರ್ಗ ಹೀಗೆ ಬೆಳೆಯಿತು.

ಈ ಪರಂಪರೆಯಲ್ಲಿ ಸಾಯಿಕುಮಾರ್‌ಗಿಂತ ಒಂದು ತಲೆಮಾರು ಮುಂದಿದ್ದವರು ಕೊಂಗರ ಜಗ್ಗಯ್ಯ. ತೆನಾಲಿ ಬಳಿಯ ಮೋರಂಪೂಡಿಯವರು. ದೆಹಲಿಯ ಆಕಾಶವಾಣಿಯಲ್ಲಿ ತೆಲುಗು ವಾರ್ತೆ ಓದುತ್ತಿದ್ದ ಅವರನ್ನು ಜನ ಕರೆದದ್ದು ಕಂಚಿನ ಕಂಠದ ಜಗ್ಗಯ್ಯ ಎಂದೇ. ಮುಂದೆ ಸಿನಿಮಾದಲ್ಲಿ ನಾಯಕನಾಗಿ, ಪೋಷಕ ನಟನಾಗಿ ಹೆಸರು ಮಾಡಿದರು. ಶಿವಾಜಿ ಗಣೇಶನ್ ಅವರ ತಮಿಳು ಚಿತ್ರಗಳು ತೆಲುಗಿಗೆ ಬಂದಾಗ ಶಿವಾಜಿಯ ಬಾಯಲ್ಲಿ ಕೇಳುತ್ತಿದ್ದದ್ದು ಜಗ್ಗಯ್ಯನವರ ದನಿ. 1967ರಲ್ಲಿ ಒಂಗೋಲಿನಿಂದ ಲೋಕಸಭೆಗೆ ಆಯ್ಕೆಯಾದರು, ಟಾಗೋರರ ‘ಗೀತಾಂಜಲಿ’ಯನ್ನು ತೆಲುಗಿಗೆ ತಂದರು, 2004ರಲ್ಲಿ ನಿಧನರಾದರು. ತಾನೇ ಪ್ರಸಿದ್ಧ ನಟನಾಗಿದ್ದೂ ಇನ್ನೊಬ್ಬ ನಟನಿಗೆ ಧ್ವನಿಯಾಗುವುದರಲ್ಲಿ ಕುಂದೇನೂ ಇಲ್ಲ ಎಂಬುದನ್ನು ಜಗ್ಗಯ್ಯ ತೋರಿಸಿಕೊಟ್ಟಿದ್ದರು. ಆದರೆ ಅವರ ಮುಖ ಮೊದಲೇ ಪರಿಚಿತವಾಗಿತ್ತು. ಸಾಯಿಕುಮಾರ್‌ಗೆ ಆ ಅನುಕೂಲ ಇರಲಿಲ್ಲ.

ಡಬ್ಬಿಂಗ್ ಕೋಣೆಯೊಳಗೆ

ತೆಲುಗಿಗೆ ಡಬ್ ಆದ ಮೊದಲ ಚಿತ್ರ 1950ರ ‘ಆಹುತಿ’. ಹಿಂದಿಯ ‘ನೀರಾ ಔರ್ ನಂದಾ’ದ ತೆಲುಗು ರೂಪ ಅದು. ಅದಕ್ಕೆ ಮಾತು, ಹಾಡು ಎರಡನ್ನೂ ಬರೆದವರು ವಿಶಾಖಪಟ್ಟಣದಲ್ಲಿ ಹುಟ್ಟಿದ ಮಹಾಕವಿ ಶ್ರೀಶ್ರೀ. ಆಧುನಿಕ ತೆಲುಗು ಕಾವ್ಯದ ದಿಕ್ಕನ್ನೇ ಬದಲಿಸಿದ ಕವಿ ಪರಭಾಷೆಯ ನಟರ ತುಟಿಗಳಿಗೆ ಮಾತು ಹೊಂದಿಸುವ ಕೆಲಸಕ್ಕೆ ಕೂತರೆಂಬುದು ಆ ಕೆಲಸ ಎಷ್ಟು ಕಷ್ಟದ್ದು ಎಂಬುದಕ್ಕೂ ಸಾಕ್ಷಿ. ಮುಂದೆ ಈ ಬಗೆಯ ಬರವಣಿಗೆಯಲ್ಲಿ ಬಹುಕಾಲ ದುಡಿದ ರಾಜಶ್ರೀ ಕೂಡ ವಿಜಯನಗರಂ ಕಡೆಯವರೇ.

ಕಷ್ಟ ಎಲ್ಲಿದೆ ಎಂದರೆ ತುಟಿಗಳಲ್ಲಿ. ಪ, ಬ, ಮ ಎನ್ನುವಾಗ ಎರಡು ತುಟಿಗಳು ಕೂಡಲೇಬೇಕು. ತೆರೆಯ ಮೇಲಿನ ನಟನ ಬಾಯಿ ಮುಚ್ಚಿದ ಕ್ಷಣದಲ್ಲಿ ಹೊಸ ಮಾತಿನಲ್ಲಿಯೂ ಅಂಥದೇ ಅಕ್ಷರ ಬಿದ್ದರೆ ನೋಡುವವರಿಗೆ ಅನುಮಾನ ಬರುವುದಿಲ್ಲ. ತಮಿಳಿನ ಎಷ್ಟೋ ಪದಗಳು ವ್ಯಂಜನದಲ್ಲಿ ಮುಗಿಯುತ್ತವೆ. ‘ವೇಣುಂ’ ಎನ್ನುವ ತಮಿಳು ನಟ ಕೊನೆಗೆ ತುಟಿ ಮುಚ್ಚುತ್ತಾನೆ. ಅದೇ ಅರ್ಥದ ತೆಲುಗು ‘ಕಾವಾಲಿ’ಯಲ್ಲೂ ಕನ್ನಡದ ‘ಬೇಕು’ವಿನಲ್ಲೂ ಕೊನೆಗೆ ಬಾಯಿ ತೆರೆದೇ ಇರುತ್ತದೆ. ಹೀಗಾಗಿ ಬರಹಗಾರ ಅರ್ಥದ ಜೊತೆಗೆ ಬಾಯಿಯ ಆಕಾರವನ್ನೂ ಅಳೆದು ಬರೆಯಬೇಕು. ಅವನು ಬಿಟ್ಟ ಸಂದುಗಳನ್ನು ಧ್ವನಿ ಕಲಾವಿದ ತನ್ನ ಉಸಿರಿನಿಂದ, ಒಂದು ‘ಹೂಂ’ನಿಂದ, ನಗೆಯಿಂದ, ಕೆಮ್ಮಿನಿಂದ ತುಂಬಬೇಕು.

ಇದು ಬೇರೆ ಭಾಷೆಯಿಂದ ಬಂದ ಚಿತ್ರಗಳ ಮಾತಾಯಿತು. ನೇರವಾಗಿ ತೆಲುಗಿನಲ್ಲೋ ಕನ್ನಡದಲ್ಲೋ ತೆಗೆದ ಚಿತ್ರಕ್ಕೂ ಡಬ್ಬಿಂಗ್ ಬೇಕಾಗುತ್ತಿತ್ತು. ಚಿತ್ರೀಕರಣ ಸ್ಟುಡಿಯೊ ಬಿಟ್ಟು ಹೊರಾಂಗಣಕ್ಕೆ ಹೊರಟ ಮೇಲೆ ಕ್ಯಾಮೆರಾದ ಗರಗರ, ಜನರ ಗಲಾಟೆ, ಜನರೇಟರಿನ ಸದ್ದು ಎಲ್ಲವೂ ಮಾತಿನ ಜೊತೆ ಸೇರಿಕೊಳ್ಳುತ್ತಿದ್ದವು. ಅಲ್ಲಿ ಹಿಡಿದ ಧ್ವನಿಯನ್ನು ಬರೀ ಗುರುತಿಗಾಗಿ ಇಟ್ಟುಕೊಂಡು, ಆಮೇಲೆ ಸ್ಟುಡಿಯೊದಲ್ಲಿ ಇಡೀ ಚಿತ್ರದ ಮಾತನ್ನು ಹೊಸದಾಗಿ ಹೇಳಿಸುವ ಪದ್ಧತಿ ಭಾರತದಲ್ಲೆಲ್ಲ ರೂಢಿಯಾಯಿತು. ಹೇಗೂ ಹೊಸದಾಗಿ ಹೇಳಿಸಬೇಕು ಎಂದಾದ ಮೇಲೆ ನಟ ಅದೇ ಭಾಷೆಯವನಾಗಿರಬೇಕು ಎಂಬ ಕಟ್ಟೂ ಸಡಿಲಾಯಿತು. ವಿಜಯವಾಡದ ಹೊರವಲಯದ ಕೊಂಡಪಲ್ಲಿಯಲ್ಲಿ ಗೊಂಬೆ ಮಾಡುವವರು ತೆಲ್ಲ ಪೊಣಿಕಿ ಎಂಬ ಹಗುರ ಮರದಲ್ಲಿ ಕೈ, ಕಾಲು, ತಲೆಗಳನ್ನು ಬೇರೆಬೇರೆಯಾಗಿ ಕೆತ್ತಿ, ಹುಣಸೆಬೀಜದ ಪುಡಿಗೆ ಮರದ ಹೊಟ್ಟು ಬೆರೆಸಿದ ‘ಮಕ್ಕು’ವಿನಿಂದ ಜೋಡಿಸುತ್ತಾರೆ, ಬಣ್ಣ ಬಿದ್ದ ಮೇಲೆ ಬೆಸುಗೆ ಕಾಣುವುದಿಲ್ಲ. ಆ ಕಾಲದ ಸಿನಿಮಾ ನಾಯಕನೂ ಹೀಗೆಯೇ ತಯಾರಾಗುತ್ತಿದ್ದ. ಎತ್ತರ, ಮೈಕಟ್ಟು, ಹೊಡೆದಾಟ ಒಬ್ಬರದು, ಮಾತು ಇನ್ನೊಬ್ಬರದು.

ಹಳೆಯ ಡಬ್ಬಿಂಗ್ ಥಿಯೇಟರಿನಲ್ಲಿ ಚಿತ್ರದ ಸುರುಳಿಯನ್ನು ತುಂಡುತುಂಡಾಗಿ ಕತ್ತರಿಸಿ, ಪ್ರತಿ ತುಂಡಿನ ಎರಡು ತುದಿಗಳನ್ನು ಸೇರಿಸಿ ಉಂಗುರ ಮಾಡುತ್ತಿದ್ದರು. ಅದನ್ನು ಲೂಪ್ ಎನ್ನುವುದು. ಪ್ರೊಜೆಕ್ಟರಿನಲ್ಲಿ ಅದೇ ದೃಶ್ಯ ಮತ್ತೆಮತ್ತೆ ಸುತ್ತುತ್ತಿದ್ದರೆ ಕಲಾವಿದ ಹೆಡ್‌ಫೋನಿನಲ್ಲಿ ಮೂಲ ಧ್ವನಿ ಕೇಳಿ, ತುಟಿ ನೋಡಿ, ಸರಿಯಾದ ಕ್ಷಣದಲ್ಲಿ ಮಾತು ಹಿಡಿಯಬೇಕು. ಒಂದು ದೃಶ್ಯದಲ್ಲಿ ನಾಲ್ಕು ಪಾತ್ರಗಳಿದ್ದರೆ ನಾಲ್ವರೂ ಒಟ್ಟಿಗೆ ನಿಲ್ಲಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಕಂಪ್ಯೂಟರ್ ಬಂದ ಮೇಲೆ ಪ್ರತಿಯೊಬ್ಬರೂ ಬೇರೆಬೇರೆ ಹೊತ್ತಿನಲ್ಲಿ ಬಂದು ತಮ್ಮ ಸಾಲುಗಳನ್ನು ಹೇಳಿ ಹೋಗುವಂತಾಗಿದೆ. ಒಂದು ಪದ ಕೆಟ್ಟರೆ ಆ ಪದವನ್ನಷ್ಟೇ ತಿದ್ದಬಹುದು. ಸಾಯಿಕುಮಾರ್ ಕಲಿತದ್ದು ಹಳೆಯ ಶಾಲೆಯಲ್ಲಿ. ಪುಟಗಟ್ಟಲೆ ಮಾತನ್ನು ಒಂದೇ ಹಿಡಿತದಲ್ಲಿ ಹೇಳುವ ಅವರ ಶಕ್ತಿ ಆ ಶಿಸ್ತಿನದು ಎಂದರೆ ತಪ್ಪಾಗಲಾರದು.

ಅಮೆರಿಕದ ಧ್ವನಿ ನಟರ ದಾರಿ ಇದಕ್ಕಿಂತ ಭಿನ್ನವಾಗಿ ಬೆಳೆಯಿತು. ಅಲ್ಲಿ ಈ ಕಸುಬಿನ ದೊಡ್ಡ ನೆಲೆ ಕಾರ್ಟೂನ್ ಚಿತ್ರಗಳು. ಸಾಮಾನ್ಯವಾಗಿ ನಟ ಮೊದಲು ಮಾತನಾಡುತ್ತಾನೆ, ಆ ಧ್ವನಿಗೆ ತಕ್ಕಂತೆ ಚಿತ್ರಕಾರರು ಬಾಯಿ, ಕಣ್ಣು ಬರೆಯುತ್ತಾರೆ. ಬಗ್ಸ್ ಬನ್ನಿ ಎಂಬ ಮೊಲಕ್ಕೆ ದನಿಯಾದ ಮೆಲ್ ಬ್ಲಾಂಕ್ ಈ ಕ್ಷೇತ್ರದ ಹಿರಿಯ. ನಮ್ಮಲ್ಲಿನ ಡಬ್ಬಿಂಗ್‌ಗೆ ಹತ್ತಿರದ ಉದಾಹರಣೆ ಬೇಕೆಂದರೆ 1977ರ ‘ಸ್ಟಾರ್ ವಾರ್ಸ್’ ನೋಡಬೇಕು. ಕಪ್ಪು ಮುಖವಾಡದ ಡಾರ್ತ್ ವೇಡರ್ ವೇಷದೊಳಗಿದ್ದವನು ಡೇವಿಡ್ ಪ್ರೌಸ್ ಎಂಬ ಬ್ರಿಟಿಷ್ ಆಜಾನುಬಾಹು. ಮಾತು ಜೇಮ್ಸ್ ಅರ್ಲ್ ಜೋನ್ಸ್ ಎಂಬ ಅಮೆರಿಕದ ರಂಗನಟನದು. ಚಿತ್ರ ಮೊದಲು ಬಿಡುಗಡೆಯಾದಾಗ ಜೋನ್ಸ್ ಹೆಸರು ತೆರೆಯ ಮೇಲೆ ಬರಲಿಲ್ಲ. 1994ರ ‘ದಿ ಲಯನ್ ಕಿಂಗ್’ನ ಸಿಂಹರಾಜ ಮುಫಾಸಾನ ದನಿಯೂ ಅವರದೇ. 2024ರಲ್ಲಿ ನಿಧನರಾದ ಈ ನಟನ ಜಾಡು ಸಾಯಿಕುಮಾರ್ ಮನೆಯವರೆಗೂ ಬರುತ್ತದೆ.

ಇಬ್ಬರು ನಾಯಕರಿಗೆ ಒಂದೇ ದನಿ

ಬಾಪು ನಿರ್ದೇಶಿಸಿದ ‘ಸ್ನೇಹಂ’ (1977) ಚಿತ್ರದಲ್ಲಿ ಹದಿಹರೆಯದ ಸಾಯಿಕುಮಾರ್ ತೆರೆಯ ಮೇಲೆ ಕಾಣಿಸಿಕೊಂಡರು. ಮುಂದೆ ದೊಡ್ಡ ಹಾಸ್ಯನಾಯಕರಾದ ರಾಜೇಂದ್ರ ಪ್ರಸಾದ್ ಅವರಿಗೂ ಅದು ಆರಂಭದ ಚಿತ್ರ. ಆರಂಭ ಒಳ್ಳೆಯದೇ ಆಗಿತ್ತು, ಆದರೆ ನಾಯಕನ ಪಾತ್ರಗಳು ಹಿಂಬಾಲಿಸಿ ಬರಲಿಲ್ಲ. 1980ರ ದಶಕದಲ್ಲಿ ಅವರು ತೆರೆಯ ಮೇಲೆ ಗೆಳೆಯನಾಗಿ, ತಮ್ಮನಾಗಿ ಬಂದು ಹೋಗುವ ಪಾತ್ರಗಳಲ್ಲಿ ಉಳಿದರು. ಅದೇ ಹೊತ್ತಿನಲ್ಲಿ ಡಬ್ಬಿಂಗ್ ಥಿಯೇಟರಿನಲ್ಲಿ ಅವರ ಬೇಡಿಕೆ ಏರುತ್ತಾ ಹೋಯಿತು.

ಸುಮನ್ ತಲ್ವಾರ್ ಮಂಗಳೂರು ಮೂಲದ ತುಳು ಮನೆತನದವರು, ಮದ್ರಾಸಿನಲ್ಲಿ ಬೆಳೆದವರು. ತೆಲುಗಿನಲ್ಲಿ ಅವರು ಬಹುಬೇಗ ತಾರೆಯಾದರು. ವೈದ್ಯ ಪದವಿ ಪಡೆದು ನಟರಾದ ರಾಜಶೇಖರ್ ತಮಿಳುನಾಡಿನವರು. ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ತಮಿಳು. ತೆಲುಗು ಪ್ರೇಕ್ಷಕ ಇಬ್ಬರನ್ನೂ ತನ್ನ ಊರಿನ ಹುಡುಗರಂತೆ ಒಪ್ಪಿಕೊಂಡ. ಆ ಒಪ್ಪಿಗೆಯ ದೊಡ್ಡ ಪಾಲು ಸಾಯಿಕುಮಾರ್ ಕಂಠಕ್ಕೆ ಸಲ್ಲಬೇಕು. ಕೋಡಿ ರಾಮಕೃಷ್ಣ ನಿರ್ದೇಶನದ ‘ಅಂಕುಶಂ’ (1989) ಇದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಭ್ರಷ್ಟರ ಎದುರು ನಿಲ್ಲುವ ಪೊಲೀಸ್ ಅಧಿಕಾರಿಯಾಗಿ ರಾಜಶೇಖರ್ ಮೈದುಂಬಿ ನಟಿಸಿದರು. ಆ ಸಿಟ್ಟಿಗೆ ಶಬ್ದ ಕೊಟ್ಟವರು ಸಾಯಿಕುಮಾರ್. ಚಿರಂಜೀವಿ ನಾಯಕರಾಗಿ ಇದೇ ಕತೆ ಮರುವರ್ಷ ‘ಪ್ರತಿಬಂಧ್’ ಎಂಬ ಹೆಸರಿನಲ್ಲಿ ಹಿಂದಿಗೆ ಹೋಯಿತು. ಬೆಂಗಳೂರಿನಲ್ಲಿ ಬೆಳೆದ ರಜನಿಕಾಂತ್ ಅವರ ‘ಬಾಷಾ’ 1995ರಲ್ಲಿ ತೆಲುಗಿಗೆ ಡಬ್ ಆದಾಗಲೂ ನಾಯಕ ಮಾಣಿಕ್ಯನ ದನಿ ಸಾಯಿಕುಮಾರ್ ಅವರದೇ.

ಬೇರೆಬೇರೆ ಮುಖಗಳಿಗೆ ಒಂದೇ ಕಂಠ ಕೊಟ್ಟರೆ ಎಲ್ಲರೂ ಒಂದೇ ತರಹ ಕೇಳಿಸುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಕೇಳಿ ನೋಡಿದರೆ ಉತ್ತರ ಸಿಗುತ್ತದೆ. ಸುಮನ್ ಮೆಲುಚಲನೆಯ ನಟ. ಅವರಿಗೆ ಕೊಟ್ಟ ದನಿ ಎದೆಯಿಂದ ಮೇಲಿನದು, ಹಗುರ, ಮಾತಿನ ನಡುವೆ ಬಿಡುವು ಹೆಚ್ಚು. ರಾಜಶೇಖರ್ ನೋಟದಲ್ಲಿ, ಕುತ್ತಿಗೆಯ ನರದಲ್ಲಿ ಸಿಟ್ಟು ತೋರುವವರು. ಅವರ ದನಿ ಹೊಟ್ಟೆಯಾಳದಿಂದ ಹೊರಡುತ್ತದೆ, ವಾಕ್ಯದ ಕೊನೆಯ ಪದ ಕಲ್ಲಿನಂತೆ ಬೀಳುತ್ತದೆ. ಒಂದೇ ಕಂಠದಿಂದ ಎರಡು ಸ್ವಭಾವಗಳನ್ನು ಹೀಗೆ ಬಿಡಿಸಿ ತೆಗೆಯುವುದು ಅನುಕರಣೆಯಲ್ಲ, ನಟನೆ. ಆದರೂ ಪೋಸ್ಟರಿನಲ್ಲಿ ಅವರ ಹೆಸರು ಬರುವಂತಿರಲಿಲ್ಲ, ಸಂಭಾವನೆಯೂ ನಾಯಕನದಕ್ಕೆ ಹೋಲಿಸುವಷ್ಟು ಇರಲಿಲ್ಲ. ತೆಲುಗು ಚಿತ್ರರಂಗ ಆ ಕಂಠವನ್ನು ಬಿಡಲಾರದೆ ಹಿಡಿದುಕೊಂಡಿತು, ಆ ಮುಖವನ್ನು ಮಾತ್ರ ನೋಡದೆ ಹೋಯಿತು. ಇದು ನ್ಯಾಯದ ಲೆಕ್ಕವಲ್ಲ.

ಡಬ್ಬಿಂಗ್ ಬೇಡವೆಂದ ನಾಡಿನಲ್ಲಿ

ಆ ಮುಖವನ್ನು ನೋಡಿದ್ದು ಕನ್ನಡ. ಅದೂ ಡಬ್ಬಿಂಗ್ ಚಿತ್ರಗಳಿಗೆ ಬಾಗಿಲು ಹಾಕಿದ್ದ ಕನ್ನಡ ಚಿತ್ರರಂಗ ಎಂಬುದು ಗಮನಿಸಬೇಕಾದ ಸಂಗತಿ. 1950ರ ದಶಕದಲ್ಲಿ, 60ರ ದಶಕದ ಆರಂಭದಲ್ಲಿ ಕನ್ನಡಕ್ಕೆ ಡಬ್ ಆದ ಚಿತ್ರಗಳು ಬರುತ್ತಿದ್ದವು. ತೆಲುಗಿನ ‘ಮಾಯಾಬಜಾರ್’ ಕೂಡ ಹಾಗೆ ಕನ್ನಡ ಮಾತನಾಡಿತ್ತು. ಅಂದಿನ ಕನ್ನಡ ಚಿತ್ರರಂಗ ಇನ್ನೂ ಮದ್ರಾಸಿನ ಸ್ಟುಡಿಯೊಗಳನ್ನೇ ನಂಬಿಕೊಂಡಿದ್ದ ಎಳೆಯ ಉದ್ಯಮ. ಅಗ್ಗದಲ್ಲಿ ಸಿಗುವ ಡಬ್ಬಿಂಗ್ ಚಿತ್ರಗಳು ಬಂದರೆ ಕನ್ನಡ ಕಲಾವಿದರ, ತಂತ್ರಜ್ಞರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಅ. ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರು ದನಿ ಎತ್ತಿದರು, ರಾಜ್‌ಕುಮಾರ್ ಬೆಂಬಲವಾಗಿ ನಿಂತರು. 60ರ ದಶಕದ ನಡುವಿನಿಂದ ಡಬ್ಬಿಂಗ್ ಚಿತ್ರಗಳು ನಿಂತೇ ಹೋದವು. ಕಾನೂನಿನ ಬಲವಿಲ್ಲದ ಈ ಕಟ್ಟುಪಾಡು ಅರ್ಧ ಶತಮಾನ ನಡೆಯಿತು. ಕನ್ನಡ ಚಿತ್ರರಂಗ ತನ್ನ ಕಾಲ ಮೇಲೆ ನಿಲ್ಲಲು ಆಗ ಅದು ಬೇಕಿತ್ತು ಎಂಬ ಮಾತಿನಲ್ಲಿ ಸತ್ಯವಿದೆ.

ಇಷ್ಟಾದರೂ ಧ್ವನಿದಾನ ಕನ್ನಡದಲ್ಲಿ ಇಲ್ಲದೆ ಇರಲಿಲ್ಲ. ಕನ್ನಡದಲ್ಲೇ ತೆಗೆದ ಚಿತ್ರಗಳಲ್ಲಿ ಹೊರ ರಾಜ್ಯದ ನಾಯಕಿಯರು ನಟಿಸಿದಾಗ ಇಲ್ಲಿನವರೇ ಮಾತು ಕೊಡುತ್ತಿದ್ದರು. ಗುಬ್ಬಿ ವೀರಣ್ಣನವರ ಮೊಮ್ಮಗಳು, ರಂಗನಟಿ ಬಿ. ಜಯಶ್ರೀ ಅವರು ರಾಜಮಹೇಂದ್ರಿಯ ಜಯಪ್ರದಾ, ಹೈದರಾಬಾದಿನ ಮಾಧವಿ ಅವರಂಥ ನಟಿಯರಿಗೆ ಕನ್ನಡದ ದನಿಯಾದರು. ಆ ಚಿತ್ರಗಳನ್ನು ನೋಡಿ ಬೆಳೆದವರು ಜಯಪ್ರದಾ ಕನ್ನಡದವರೇ ಎಂದು ನಂಬಿದ್ದರೆ ಅದಕ್ಕೆ ಕಾರಣ ಜಯಶ್ರೀ.

‘ಪೊಲೀಸ್ ಸ್ಟೋರಿ’ಯನ್ನು ನಿರ್ದೇಶಿಸಿದವರು ಸಾಹಸ ನಿರ್ದೇಶಕರಾಗಿ ಹೆಸರು ಮಾಡಿದ್ದ ಥ್ರಿಲ್ಲರ್ ಮಂಜು. ಕತೆ, ಮಾತುಗಳ ಹಿಂದೆ ಎಸ್. ಎಸ್. ಡೇವಿಡ್ ಇದ್ದರು. ಖಳನಾಗಿ ಕಾಣಿಸಿಕೊಂಡ ಸತ್ಯಪ್ರಕಾಶ್ ಉತ್ತರಾಂಧ್ರದ ವಿಜಯನಗರಂ ಮೂಲದವರು, ಅವರಿಗೆ ಇದು ಮೊದಲ ಚಿತ್ರ. ಹೀಗೆ ಒಂದು ಕನ್ನಡ ಚಿತ್ರದ ನಾಯಕನೂ ಖಳನೂ ಒಂದೇ ಸೀಮೆಯ ಬೇರಿನಿಂದ ಬಂದವರಾದರು. ಚಿತ್ರದ ಬಲ ಮಾತು. ನಾಲ್ಕು ಸಿಂಹಗಳ ರಾಷ್ಟ್ರಲಾಂಛನವನ್ನು ಮುಂದಿಟ್ಟುಕೊಂಡು, ಕಣ್ಣಿಗೆ ಕಾಣುವ ಮೂರು ಸಿಂಹಗಳಿಗೂ ಕಾಣದ ನಾಲ್ಕನೆಯದಕ್ಕೂ ಅರ್ಥ ಹಚ್ಚುತ್ತಾ ಅಗ್ನಿ ಆಡುವ ಮಾತನ್ನು ಶಾಲಾ ವಾರ್ಷಿಕೋತ್ಸವಗಳಲ್ಲಿ, ಗಣೇಶೋತ್ಸವದ ವೇದಿಕೆಗಳಲ್ಲಿ ಹುಡುಗರು ಬಾಯಿಪಾಠ ಒಪ್ಪಿಸಿದರು. ಮಿಮಿಕ್ರಿ ಕಲಾವಿದರ ಪಟ್ಟಿಯಲ್ಲಿ ಸಾಯಿಕುಮಾರ್ ದನಿ ಖಾಯಂ ಆಯಿತು.

ಚಿತ್ರ ತೆಲುಗಿಗೆ ಡಬ್ ಆಗಿ ಹೋದಾಗ ಸಾಯಿಕುಮಾರ್ ತಮ್ಮ ಮುಖಕ್ಕೆ ತಾವೇ ತೆಲುಗು ಮಾತು ಕೊಟ್ಟರು. ಅಂಕುಶಂ ಕಾಲದಿಂದ ತಾವು ಮೆಚ್ಚಿದ್ದ ಸಿಟ್ಟಿನ ದನಿ ಯಾರದೆಂದು ತೆಲುಗು ಪ್ರೇಕ್ಷಕರು ಈಗ ಕಣ್ಣಾರೆ ಕಂಡರು. ಚಿತ್ರ ಅಲ್ಲಿಯೂ ಗೆದ್ದಿತು. ತೆಲುಗಿನ ನಟನೊಬ್ಬ ತೆಲುಗಿನಲ್ಲಿ ನಾಯಕನೆನಿಸಿಕೊಳ್ಳಲು ಕನ್ನಡ ಚಿತ್ರವೊಂದು ಬೇಕಾಯಿತು.

ಆಮೇಲಿನ ಕೆಲವು ವರ್ಷ ಕನ್ನಡದಲ್ಲಿ ಅವರಿಗೆ ಬಿಡುವಿಲ್ಲದ ಕಾಲ. ‘ಅಗ್ನಿ ಐಪಿಎಸ್’ (1997) ಮುಂತಾದ ಚಿತ್ರಗಳು ಒಂದರ ಹಿಂದೆ ಒಂದು ಬಂದವು. 2007ರಲ್ಲಿ ‘ಪೊಲೀಸ್ ಸ್ಟೋರಿ 2’ ಕೂಡ ಆಯಿತು. ಇವುಗಳಲ್ಲಿ ಬಹುಪಾಲು ಮೊದಲ ಚಿತ್ರದ ಪಡಿಯಚ್ಚುಗಳು ಎಂಬುದನ್ನು ಮುಚ್ಚಿಡಬೇಕಿಲ್ಲ. ಅದೇ ಖಾಕಿ, ಅದೇ ಆಕ್ರೋಶ, ರಾಜಕಾರಣಿಯ ಮುಂದೆ ಅದೇ ಬೆರಳು ತೋರಿಸಿ ಆಡುವ ಮಾತು. ಕಂಠವನ್ನು ನೆಚ್ಚಿಕೊಂಡ ನಿರ್ಮಾಪಕರು ಅದನ್ನು ಒಂದೇ ಸ್ಥಾಯಿಯಲ್ಲಿ ದುಡಿಸಿದರು. ಮೆಲ್ಲಗೆ ಮಾತನಾಡುವ, ಸುಮ್ಮನಿರುವ ಸಾಯಿಕುಮಾರ್ ಕನ್ನಡಿಗರಿಗೆ ಸಿಗಲು ಬಹಳ ಕಾಲ ಬೇಕಾಯಿತು.

ಖಾಕಿ ಕಳಚಿದ ಮೇಲೆ

ತೆಲುಗಿನಲ್ಲಿ ಆ ಬದಲಾವಣೆ ಮೊದಲು ಬಂತು. ‘ಸಾಮಾನ್ಯುಡು’ (2006) ಚಿತ್ರದ ಖಳಪಾತ್ರಕ್ಕೆ ಆಂಧ್ರ ಸರ್ಕಾರದ ನಂದಿ ಪ್ರಶಸ್ತಿ ದೊರೆಯಿತು. 2010ರಲ್ಲಿ ದೇವಾ ಕಟ್ಟಾ ನಿರ್ದೇಶನದ ‘ಪ್ರಸ್ಥಾನಂ’ ಬಂತು. ಒಂದು ರಾಜಕೀಯ ಕುಟುಂಬದ ಒಳಗಿನ ಆಸೆ, ದ್ರೋಹ, ಪಾಪಪ್ರಜ್ಞೆಗಳ ಕತೆ ಅದು. ಮನೆಯ ಯಜಮಾನನಾದ ರಾಜಕಾರಣಿಯ ಪಾತ್ರ ಸಾಯಿಕುಮಾರ್ ಅವರದು. ಕೆಟ್ಟವನೆಂದು ತಳ್ಳಿಹಾಕಲೂ ಆಗದ, ಒಳ್ಳೆಯವನೆಂದು ಒಪ್ಪಲೂ ಆಗದ ಮನುಷ್ಯನನ್ನು ಅವರು ಕಟ್ಟಿ ನಿಲ್ಲಿಸಿದರು. ಇಲ್ಲಿ ಅವರು ಗಟ್ಟಿಯಾಗಿ ಕೂಗುವುದು ಕಡಿಮೆ. ತಗ್ಗಿದ ದನಿಯಲ್ಲಿ, ಪದಪದವನ್ನೂ ತೂಗಿ ಆಡುವ ಮಾತೇ ಹೆಚ್ಚು. ಅವರ ಇಡೀ ನಟನಾ ಬದುಕಿನಲ್ಲಿ ಒಂದೇ ಚಿತ್ರವನ್ನು ಆರಿಸಿಕೊಳ್ಳಬೇಕಾದರೆ ‘ಪೊಲೀಸ್ ಸ್ಟೋರಿ’ಯನ್ನು ಪಕ್ಕಕ್ಕಿಟ್ಟು ಇದನ್ನೇ ತೆಗೆದುಕೊಳ್ಳಬೇಕು. ಪೋಷಕ ನಟನಿಗೆ ಸಲ್ಲುವ ನಂದಿ, ಫಿಲ್ಮ್‌ಫೇರ್ ಎರಡೂ ಈ ಪಾತ್ರಕ್ಕೆ ಬಂದವು. 2019ರಲ್ಲಿ ಈ ಚಿತ್ರ ಹಿಂದಿಗೆ ಹೋದಾಗ ಅದೇ ಪಾತ್ರವನ್ನು ಮಾಡಿದವರು ಸಂಜಯ್ ದತ್.

ಕನ್ನಡದಲ್ಲಿ 2012ರ ‘ಕಲ್ಪನಾ’ ಅವರ ಪೊಲೀಸ್ ಛಾಪನ್ನು ಒಡೆಯಿತು. ತಮಿಳಿನ ‘ಕಾಂಚನಾ’ದ ಕನ್ನಡ ರೂಪವಾದ ಈ ಚಿತ್ರದಲ್ಲಿ ಉಪೇಂದ್ರ ನಾಯಕ. ಅನ್ಯಾಯಕ್ಕೆ ಬಲಿಯಾಗುವ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿಯಾಗಿ ಸಾಯಿಕುಮಾರ್ ನಟಿಸಿದರು. ಗಂಡಸುತನದ ಗರ್ಜನೆಗೆ ಹೆಸರಾದ ಕಂಠ ಸೀರೆಯುಟ್ಟ ಪಾತ್ರದ ಮಮತೆಯನ್ನೂ ನೋವನ್ನೂ ಹೇಳಬೇಕಾಯಿತು. 2015ರಲ್ಲಿ ಅನೂಪ್ ಭಂಡಾರಿ ಅವರ ‘ರಂಗಿತರಂಗ’ ಬಂತು. ಕರಾವಳಿಯ ಹಳ್ಳಿ, ಯಕ್ಷಗಾನ, ಭೂತದ ನಂಬಿಕೆಗಳ ನಡುವೆ ನಡೆಯುವ ಆ ರಹಸ್ಯಕತೆಯಲ್ಲಿ ಸಾಯಿಕುಮಾರ್ ಕಾಳಿಂಗ ಭಟ್ಟ. ಕತೆಯ ಗುಟ್ಟು ಅವರ ಪಾತ್ರದ ಸುತ್ತಲೇ ಇರುವುದರಿಂದ, ಇನ್ನೂ ನೋಡದವರಿಗಾಗಿ ಅದನ್ನು ಬಿಡಿಸಿ ಹೇಳುವುದು ಬೇಡ. ಸಾವಧಾನದ ಮಾತಿನಲ್ಲಿ ಇಡೀ ಚಿತ್ರದ ಭಾರವನ್ನು ಅವರು ಹೊತ್ತರೆಂದರೆ ಸಾಕು.

ನಡುವೆ ರಾಜಕೀಯಕ್ಕೂ ಹೋಗಿ ಬಂದರು. ತೆಲುಗು ಮನೆಮಾತಿನವರು ಹೆಚ್ಚಾಗಿರುವ ಗಡಿ ಕ್ಷೇತ್ರ ಬಾಗೇಪಲ್ಲಿಯಿಂದ 2008ರಲ್ಲಿ, ಮತ್ತೆ 2018ರಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ವಿಧಾನಸಭೆಗೆ ಸ್ಪರ್ಧಿಸಿದರು. ಎರಡು ಸಲವೂ ಗೆಲುವು ಸಿಗಲಿಲ್ಲ. ತೆಲುಗು ಟಿವಿಯಲ್ಲಿ ‘ವಾವ್’ ಎಂಬ ಆಟದ ಕಾರ್ಯಕ್ರಮವನ್ನು ನಡೆಸಿಕೊಟ್ಟರು. ಮಗ ಆದಿ 2011ರ ‘ಪ್ರೇಮ ಕಾವಾಲಿ’ಯಿಂದ ನಾಯಕನಟನಾದರು.

ತಮ್ಮಂದಿರು

ಅಣ್ಣನ ದಾರಿಯನ್ನು ಇನ್ನಷ್ಟು ದೂರ ಕೊಂಡೊಯ್ದವರು ರವಿಶಂಕರ್. ಹಿಂದಿಯಿಂದ ತೆಲುಗಿಗೆ ಬಂದ ಖಳನಟರಿಗೆ ಅವರ ಕಂಠ ಅನಿವಾರ್ಯವಾಯಿತು. 2009ರ ‘ಅರುಂಧತಿ’ಯಲ್ಲಿ ಸೋನು ಸೂದ್ ಮಾಡಿದ ಪಶುಪತಿ ಪಾತ್ರಕ್ಕೆ ಅವರು ಕೊಟ್ಟ ಮಾತು ಎಷ್ಟು ಜನಪ್ರಿಯವಾಯಿತೆಂದರೆ ‘ಬೊಮ್ಮಾಳಿ’ ಎಂಬುದು ಅವರ ಹೆಸರಿಗೇ ಅಂಟಿಕೊಂಡಿತು. ಧ್ವನಿದಾನಕ್ಕೆ ನಂದಿ ಪ್ರಶಸ್ತಿ ಅವರಿಗೆ ಮತ್ತೆಮತ್ತೆ ಬಂತು. ಕನ್ನಡದಲ್ಲಿ ಮಾಲಾಶ್ರೀ ನಟಿಸಿದ ‘ದುರ್ಗಿ’ (2004) ಚಿತ್ರವನ್ನು ನಿರ್ದೇಶಿಸಿದ್ದರು. ಆದರೆ ಕನ್ನಡ ಪ್ರೇಕ್ಷಕರು ಅವರ ಮುಖ ಗುರುತು ಹಿಡಿದದ್ದು 2011ರ ‘ಕೆಂಪೇಗೌಡ’ದಿಂದ. ಸುದೀಪ್ ನಿರ್ದೇಶಿಸಿ ನಟಿಸಿದ ಆ ಚಿತ್ರದ ಆರ್ಮುಗಂ ಪಾತ್ರ ಅವರನ್ನು ರಾತ್ರೋರಾತ್ರಿ ಬೇಡಿಕೆಯ ಖಳನಟನನ್ನಾಗಿಸಿತು. ಅಣ್ಣನಿಗೆ ಆದದ್ದೇ ತಮ್ಮನಿಗೂ ಆಯಿತು: ತೆಲುಗಿನಲ್ಲಿ ಕಂಠ, ಕನ್ನಡದಲ್ಲಿ ಮುಖ.

2019ರಲ್ಲಿ ಡಿಸ್ನಿ ಸಂಸ್ಥೆ ‘ದಿ ಲಯನ್ ಕಿಂಗ್’ ಅನ್ನು ಹೊಸದಾಗಿ ತಯಾರಿಸಿ ತೆಲುಗಿನಲ್ಲಿಯೂ ಬಿಡುಗಡೆ ಮಾಡಿತು. ಇಂಗ್ಲಿಷಿನಲ್ಲಿ ಮುಫಾಸಾನಿಗೆ ಮತ್ತೆ ಜೇಮ್ಸ್ ಅರ್ಲ್ ಜೋನ್ಸ್ ಅವರೇ ದನಿ ಕೊಟ್ಟರು. ತೆಲುಗಿನ ಮುಫಾಸಾ ರವಿಶಂಕರ್. ನಾನಿ, ಜಗಪತಿಬಾಬು, ಬ್ರಹ್ಮಾನಂದಂ, ಅಲಿ ಉಳಿದ ಪಾತ್ರಗಳಿಗೆ ಮಾತಾದರು. ಅವರೆಲ್ಲ ತಮ್ಮ ಮುಖದಿಂದ ಪ್ರಸಿದ್ಧರಾದವರು. ಈ ಐವರಲ್ಲಿ ಕಂಠದ ಕಸುಬಿನಿಂದಲೇ ಬಂದವರು ರವಿಶಂಕರ್ ಒಬ್ಬರೇ.

ಕಿರಿಯರಾದ ಅಯ್ಯಪ್ಪ ಪಿ. ಶರ್ಮ 2013ರಲ್ಲಿ ಸುದೀಪ್ ನಟಿಸಿದ ‘ವರದನಾಯಕ’ವನ್ನು ನಿರ್ದೇಶಿಸಿದರು. 2018ರ ‘ಕೆಜಿಎಫ್’ನಲ್ಲಿ ಗಣಿಯ ಕಾವಲು ಪಡೆಯ ವಾನರಂ ಆಗಿ ದೇಶದ ಉದ್ದಗಲಕ್ಕೆ ಪರಿಚಿತರಾದರು. ಶ್ರೀಮುರಳಿ ನಾಯಕರಾದ ‘ಭರಾಟೆ’ (2019) ಚಿತ್ರದಲ್ಲಿ ನಿರ್ದೇಶಕ ಚೇತನ್ ಕುಮಾರ್ ಮೂವರು ಅಣ್ಣತಮ್ಮಂದಿರನ್ನೂ ಖಳರಾಗಿ ಒಂದೇ ತೆರೆಗೆ ತಂದರು. ಮೂರು ಕಂಠಗಳನ್ನು ಒಟ್ಟಿಗೆ ಕೇಳಿದಾಗ ಒಂದೇ ಮನೆಯ ಉಚ್ಚಾರದ ಸ್ಪಷ್ಟತೆ ತಾನಾಗಿ ತಿಳಿಯುತ್ತದೆ.

ಬಾಗಿಲು ತೆರೆದ ಮೇಲೆ

ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ತೀರ್ಪಿತ್ತಿತು. 2017ರಲ್ಲಿ ಅಜಿತ್ ನಟನೆಯ ತಮಿಳು ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಲ್ಲಿ ಕನ್ನಡ ಮಾತನಾಡಿತು. ವಿರೋಧ ಎದುರಾಯಿತು, ಎಲ್ಲ ಕಡೆ ಸುಗಮವಾಗಿ ಪ್ರದರ್ಶನವಾಗಲಿಲ್ಲ. ಎರಡೇ ವರ್ಷದಲ್ಲಿ ಪರಿಸ್ಥಿತಿ ಬದಲಾಯಿತು. 2019ರಲ್ಲಿ ‘ಸೈರಾ ನರಸಿಂಹ ರೆಡ್ಡಿ’ ಕನ್ನಡದಲ್ಲೂ ಬಂತು, ‘ದಬಂಗ್ 3’ಕ್ಕೆ ಸಲ್ಮಾನ್ ಖಾನ್ ತಾವೇ ಕನ್ನಡದಲ್ಲಿ ಮಾತನಾಡಿದರು. ‘ಪುಷ್ಪ’ (2021), ‘ಆರ್‌ಆರ್‌ಆರ್’ (2022) ಚಿತ್ರಗಳೂ ಕನ್ನಡದ ಮಾತಿನೊಂದಿಗೆ ತೆರೆಗೆ ಬಂದವು. ಇತ್ತ ‘ಕೆಜಿಎಫ್’, ‘ಕಾಂತಾರ’ಗಳು ತೆಲುಗು, ಹಿಂದಿ ಮಾತನಾಡುತ್ತಾ ಹೊರಟವು. ಬೆಂಗಳೂರಿನಲ್ಲಿ ರಂಗಭೂಮಿ ಮತ್ತು ಕಿರುತೆರೆಯ ಕಲಾವಿದರಿಗೆ ಧ್ವನಿದಾನ ಈಗ ನೆಚ್ಚಬಹುದಾದ ದುಡಿಮೆ. ತುಟಿಗೆ ಹೊಂದುವ ಕನ್ನಡ ಬರೆಯಬಲ್ಲವರಿಗೂ ಬೇಡಿಕೆ ಬಂದಿದೆ. ತೆಲುಗಿನವರು ‘ಆಹುತಿ’ಯ ಕಾಲದಿಂದ ಕಲಿತ ಕಸುಬನ್ನು ಕನ್ನಡದವರು ಐವತ್ತು ವರ್ಷದ ಬಿಡುವಿನ ನಂತರ ಮತ್ತೆ ಕಲಿಯುತ್ತಿದ್ದಾರೆ.

ಸಾಯಿಕುಮಾರ್ ಎರಡೂ ಭಾಷೆಗಳಲ್ಲಿ ಕೆಲಸ ಮುಂದುವರಿಸಿದ್ದಾರೆ. 2021ರ ತೆಲುಗು ಚಿತ್ರ ‘ಎಸ್. ಆರ್. ಕಲ್ಯಾಣಮಂಡಪಂ’ನಲ್ಲಿ ಅವರು ಹಳೆಯ ಮದುವೆ ಛತ್ರವೊಂದರ ಯಜಮಾನ ಧರ್ಮ, ಮಗನ ಜೊತೆ ಮಾತು ಬಿಟ್ಟಿರುವ ತಂದೆ. ಆ ಪಾತ್ರದ ಹೆಚ್ಚಿನ ಕೆಲಸ ನಡೆಯುವುದು ಮಾತಿಲ್ಲದ ದೃಶ್ಯಗಳಲ್ಲಿ.